ಬೆಳಗಿನ ಹೊತ್ತಿನ ಬಿಪಿ

ನಾನು ಹೋಗಿದ್ದು ಹಲ್ಲು ಕೀಳಿಸಿಕೊಳ್ಳಲು. ಕೊಡಿಗೇಹಳ್ಳಿಯ ಹಲ್ಲಿನ ಡಾಕ್ಟರು ಬಾಯಿ ತೆರೆಸುವ ಮೊದಲು ತೋಳಿಗೆ ಪಟ್ಟಿ ಸುತ್ತಿದರು. ಎರಡು ಸಲ ಗಾಳಿ ತುಂಬಿಸಿ ನೋಡಿ, “ನೂರ ಎಪ್ಪತ್ತಿದೆ ಮೇಡಂ, ಇವತ್ತು ಕೀಳಲ್ಲ. ಮೊದ್ಲು ಇದನ್ನ ತೋರಿಸ್ಕೊಂಡು ಬನ್ನಿ” ಎಂದರು.

ಮೆಟ್ಟಿಲಿಳಿಯುವಾಗ ನನ್ನ ದೊಡ್ಡಮ್ಮ ನೆನಪಾದರು. ಅವರು ಬಿಪಿ ಏರಿ ಒಂದು ಬೆಳಿಗ್ಗೆ ದೋಸೆ ಹಿಟ್ಟು ಕಲಕುತ್ತಿದ್ದಾಗಲೇ ಕುಸಿದು, ಆಮೇಲೆ ನಾಲ್ಕು ವರ್ಷ ಮಾತಿಲ್ಲದೆ ಮಲಗಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ರಕ್ತನಾಳದ ಚಿತ್ರವನ್ನು ಬೋರ್ಡಿನ ಮೇಲೆ ಅದೆಷ್ಟು ವರ್ಷ ಬರೆದಿದ್ದೇನೋ. ಆ ರಾತ್ರಿ ಮಾತ್ರ ದಿಂಬಿಗೆ ಕಿವಿಯಿಟ್ಟರೆ ನನ್ನದೇ ನಾಡಿ ಕೇಳಿಸಿ, ಎದ್ದೆದ್ದು ಕೂತೆ.

ಮರುದಿನ ಗಂಡ ನನ್ನನ್ನು ಸಹಕಾರನಗರದ ನಮ್ಮ ಮಾಮೂಲಿ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ನಾಗಸಂದ್ರದ ಆಚೆ ಒಂದು ಲೇತ್ ವರ್ಕ್‌ಶಾಪಿನಲ್ಲಿ ಅವರು ಫೋರ್‌ಮನ್. ಜ್ವರದ ಮಾತ್ರೆಯನ್ನೂ ನುಂಗದ ಮನುಷ್ಯ. ಅಲ್ಲಿಯೂ ನನ್ನದು ನೂರ ಅರವತ್ತೆಂಟು ಬಂತು. ನನ್ನ ಮುಖ ನೋಡಿ ನಗಿಸಲಿಕ್ಕೋ ಏನೋ, “ನನ್ದೂ ನೋಡ್ಬಿಡಿ ಡಾಕ್ಟ್ರೇ” ಎಂದು ತೋಳು ಚಾಚಿದರು. ನೂರ ಇಪ್ಪತ್ತೆಂಟು.

“ನೋಡ್ದೇನೇ? ಇಪ್ಪತ್ತರ ಹುಡುಗನ ಬಿಪಿ!”

ಡಾಕ್ಟರಮ್ಮ ನಗಲಿಲ್ಲ. ಏಷ್ಯಾದ ಡಾಕ್ಟರುಗಳೇ ತಮ್ಮ ಕಡೆಯ ಜನಕ್ಕೆಂದು ಬರೆದ ಚಿಕಿತ್ಸೆಯ ಸೂಚನೆಗಳಿವೆ ಎಂದು ಕಂಪ್ಯೂಟರಿನ ಪರದೆಯನ್ನು ನಮ್ಮತ್ತ ತಿರುಗಿಸಿದರು. “ಬಿಪಿ ಅಂದ್ರೆ ಹೃದಯ ಅಂತಾರೆ ಎಲ್ರೂ. ನಮ್ಮ ಏಷ್ಯಾದವರಿಗೆ ಮೆದುಳಿಗೆ ಸ್ಟ್ರೋಕ್ ಹೊಡೆಯೋ ಭಯಾನೂ ಅಷ್ಟೇ ಇದೆ. ಊಟದಲ್ಲಿ ಉಪ್ಪು ಜಾಸ್ತಿ. ಬೆಳಿಗ್ಗೆ ಹೊತ್ತು ಏರೋದಂತೂ ಬಹಳ ಅಪಾಯ. ಇಲ್ಲಿ ಹೆದರ್ಕೊಂಡು ಏರಿಸ್ಕೊಳ್ಳೋರು ಇರ್ತಾರೆ, ಇಲ್ಲಿ ಸರಿಯಿದ್ದು ಮನೇಲಿ ಏರೋರೂ ಇರ್ತಾರೆ. ಅದಕ್ಕೇ ಇಬ್ರೂ ಒಂದು ವಾರ ಮನೇಲೇ ನೋಡಿ. ಎದ್ದು ಒಂದು ಗಂಟೆ ಒಳಗೆ, ಕಾಫಿಗೆ ಮುಂಚೆ, ಸುಮ್ನೆ ಕೂತು. ರಾತ್ರಿ ಮಲಗೋ ಮುಂಚೆ ಇನ್ನೊಂದ್ಸಲ. ಬೆಳಿಗ್ಗೆ ನೂರ ಮೂವತ್ತೈದು ದಾಟ್ತಾನೇ ಇದ್ರೆ ಬನ್ನಿ.” ಹೊರಡುವಾಗ ಮತ್ತೂ ಒಂದು ಮಾತು ಹೇಳಿದರು: “ಬಾಯಿ ಸೊಟ್ಟಗಾದ್ರೆ, ಕೈ ಸೋತ್ರೆ, ಮಾತು ತೊದಲಿದ್ರೆ ಒಂದು ನಿಮಿಷಾನೂ ಕಾಯ್ಬೇಡಿ.”

ಆ ಮಾತೆಲ್ಲ ನನಗೇ ಎಂದುಕೊಂಡೆ. ಯಂತ್ರ ಕೊಂಡು ತಂದೆವು. ಮೊದಲ ಬೆಳಿಗ್ಗೆ ಕಣ್ಣು ಮುಚ್ಚಿ ಕೂತಿದ್ದೆ, ಅಂಕಿ ಅವರೇ ಓದಲಿ ಎಂದು. ನೂರ ಇಪ್ಪತ್ತೆರಡು! ಎರಡನೆಯ ಸಲವೂ ಅಷ್ಟೇ. ನನ್ನ ಬಿಪಿಗೆ ಡಾಕ್ಟರ ಕೋಣೆಯೇ ಕಾರಣವಾಗಿತ್ತು. ಅಳು ಬರುವಷ್ಟು ಹಗುರಾಯಿತು. ಪಟ್ಟಿ ಬಿಚ್ಚಿ ಅವರ ತೋಳಿಗೆ ಸುತ್ತಿದೆ.

ನೂರ ಎಪ್ಪತ್ತಾರು. ಕೆಳಗಿನದು ನೂರ ನಾಲ್ಕು.

“ಮಷೀನ್ ಸರಿಯಿಲ್ಲ ಕಣೇ.”

“ಈಗ ತಾನೇ ನನ್ದು ಸರಿಯಾಗಿ ತೋರಿಸ್ತಲ್ರೀ?”

ರಾತ್ರಿ ನೂರ ಮೂವತ್ತಕ್ಕಿಳಿದಿತ್ತು. ಅವರು ರಾತ್ರಿಯದನ್ನು ನಂಬಿದರು, ನಾನು ಬೆಳಗಿನದನ್ನು. ಎರಡನೆಯ ದಿನ, ಮೂರನೆಯ ದಿನವೂ ಹಾಗೇ. ಅವರಿಗೆ ತಲೆನೋವಿಲ್ಲ, ಸುಸ್ತಿಲ್ಲ, ಮೊಸರನ್ನಕ್ಕೆ ಮಾವಿನಮಿಡಿ ಬೇಕೇ ಬೇಕು. ಡಾಕ್ಟರ ಹತ್ತಿರ ಹೋಗೋಣವೆಂದರೆ “ಶನಿವಾರ ಹೋಗೋಣ, ಈ ವಾರ ಮಾಲು ಡಿಸ್ಪ್ಯಾಚ್ ಇದೆ” ಎಂದರು. ನಾನೂ ಶನಿವಾರಕ್ಕೆ ಒಪ್ಪಿಕೊಂಡೆ.

ಗುರುವಾರ ಬೆಳಿಗ್ಗೆ ಆರೂ ನಲವತ್ತಕ್ಕೆ ಅವರದು ನೂರ ಎಂಬತ್ತೆರಡು ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಅವರು “ಅದನ್ನೇ ನೋಡ್ತಾ ಕೂತ್ಕೋ” ಎಂದು ಗೊಣಗಿ ಶೇವ್ ಮಾಡಿಕೊಳ್ಳಲು ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೂಗಿದರು: “ಬಾಗಿಲು ಕೊಡು.”

“ಏನು?”

“ಬಾಗಿಲು… ಬಾಗಿಲು ಕೊಡೇ.” ಹೋಗಿ ನೋಡಿದರೆ ಅವರ ಕಣ್ಣು ಗೂಟದಲ್ಲಿದ್ದ ಟವೆಲ್ಲಿನ ಮೇಲಿತ್ತು. ತಪ್ಪಾಯಿತೆಂದು ಅವರಿಗೂ ಅನ್ನಿಸಿರಬೇಕು, ನಕ್ಕರು. ಮುಖದ ಎಡಗಡೆ ಮಾತ್ರ ನಕ್ಕಿತು.

ಡಾಕ್ಟರಮ್ಮ ಹೊರಡುವಾಗ ಹೇಳಿದ್ದು ನೆನಪಾಯಿತು. “ಎರಡೂ ಕೈ ಮೇಲೆತ್ತಿ” ಎಂದೆ. ಕ್ಲಾಸಿನಲ್ಲಿ ಗದರುವ ದನಿಯೇ ಬಂತು. ಎತ್ತಿದರು. ಬಲಗೈ ತಾನಾಗಿಯೇ ಕೆಳಗಿಳಿಯಿತು, ರೇಜರ್ ಬಿತ್ತು.

ಅರ್ಧ ಗಡ್ಡದ ನೊರೆ ಒರೆಸದೆಯೇ ಅವರನ್ನು ಆಟೋದಲ್ಲಿ ಕೂರಿಸಿದೆ. ಹೆಬ್ಬಾಳದ ಫ್ಲೈಓವರ್ ಹತ್ತುವ ಮೊದಲೇ ವಾಹನಗಳು ನಿಂತಿದ್ದವು. ಅವರ ತಲೆ ನನ್ನ ಹೆಗಲ ಮೇಲೆ ಭಾರವಾಗುತ್ತಿತ್ತು. “ಮಾತಾಡ್ರೀ, ಏನಾದ್ರೂ ಮಾತಾಡಿ” ಎನ್ನುತ್ತಿದ್ದೆ. ಅವರ ಬಾಯಿಂದ ಬರುತ್ತಿದ್ದುದು ಯಾವ ಪದವೂ ಅಲ್ಲ. ಆಟೋದವರು ಹಿಂತಿರುಗಿ ನೋಡಿ, ಹಾರ್ನ್ ಮೇಲಿಂದ ಕೈ ತೆಗೆಯದೆ, ಬಸ್ಸೊಂದರ ಪಕ್ಕದಿಂದ ಸರ್ವಿಸ್ ರಸ್ತೆಗೆ ನುಗ್ಗಿಸಿದರು. ದೊಡ್ಡಮ್ಮನ ತೆರೆದ ಬಾಯಿ ಕಣ್ಣಿಗೆ ಕಟ್ಟುತ್ತಿತ್ತು. ಇವರಿಗೆ ನಾನು ಗಂಜಿ ಕುಡಿಸುತ್ತಿರುವುದೂ ಕಂಡಿತು. ಹಾಗೆ ಕಂಡದ್ದಕ್ಕೆ ನಾಚಿಕೆಯೂ ಆಯಿತು.

ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು, “ಕೊನೇ ಸಲ ಸರಿಯಿದ್ದಿದ್ದು ಎಷ್ಟು ಗಂಟೆಗೆ?”

“ಆರೂ ನಲವತ್ತು. ಆವಾಗ ನನ್ನ ಮೇಲೆ ಗೊಣಗಿದ್ರು.”

ಸ್ಕ್ಯಾನಿನಲ್ಲಿ ರಕ್ತಸ್ರಾವವಿರಲಿಲ್ಲ, ನಾಳ ಕಟ್ಟಿಕೊಂಡಿತ್ತು. ಮೊದಲು ಬಿಪಿ ಇಳಿಸಿ, ಆಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕು ಎಂದರು. ಅದರಿಂದಲೇ ರಕ್ತಸ್ರಾವ ಆಗಬಹುದು, ಒಪ್ಪಿ ಸಹಿ ಮಾಡಿ ಎಂದರು. ಮಾಡಿದೆ. ಆ ಸಹಿ ನನ್ನದರಂತೆ ಬರಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ಬೆಂಚಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಶನಿವಾರ ಎನ್ನುವ ಪದ ತಲೆಯಲ್ಲಿ ಸುತ್ತುತ್ತಿತ್ತು. ವಿಜ್ಞಾನದ ಟೀಚರು, ಮೂರು ದಿನದ ಅಂಕಿ ಕೈಯಲ್ಲಿಟ್ಟುಕೊಂಡು ಕಾದವಳು.

ಸಂಜೆ ಒಳಗೆ ಬಿಟ್ಟರು. ಅವರು ನನ್ನನ್ನೇ ನೋಡಿ, ಒಂದೊಂದೇ ಅಕ್ಷರ ಹುಡುಕಿಕೊಂಡಂತೆ, “ಟ… ವೆಲ್” ಎಂದರು. ನರ್ಸಿಗೆ ಏನೂ ಅರ್ಥವಾಗಲಿಲ್ಲ. ನಾನು ಮಂಚದ ಸರಳು ಹಿಡಿದು ಅತ್ತೆ.

ಮಾತು ವಾರದೊಳಗೆ ಮರಳಿತು. ಬಲಗೈಯ ಕೊನೆಯ ಎರಡು ಬೆರಳು ಇನ್ನೂ ಪೂರ್ತಿ ಮಾತು ಕೇಳುವುದಿಲ್ಲ. ಅವರು ಲೇತಿನ ಮುಂದೆ ನಿಲ್ಲುವುದಿಲ್ಲ, ತಪಾಸಣೆಯ ಮೇಜಿನಲ್ಲಿ ಕೂರುತ್ತಾರೆ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಬೆಳಗಿನ ಅಂಕಿ ಈಗ ನೂರ ಇಪ್ಪತ್ತೆಂಟರ ಆಸುಪಾಸು.

ನನ್ನ ಹೆದರಿಕೆ ಮಾತ್ರ ಇಳಿದಿಲ್ಲ. ಅವರು ಎದ್ದ ಕೂಡಲೇ ಏನಾದರೂ ಕೇಳುತ್ತೇನೆ, ತಿಂಡಿಗೆ ಏನು ಮಾಡಲಿ ಎಂದೋ, ಇವತ್ತು ಯಾವ ವಾರ ಎಂದೋ. ಮೊನ್ನೆ ತಿಂಡಿಗೇನು ಎಂದು ಕೇಳಿದರೆ, ಬೇಕೆಂದೇ ಉತ್ತರ ಕೊಡದೆ ಸುಮ್ಮನೆ ನನ್ನನ್ನೇ ನೋಡುತ್ತಿದ್ದರು. ನಾನು ಎದ್ದು ನಿಂತುಬಿಟ್ಟಿದ್ದೆ, ಕೈ ಆಗಲೇ ಫೋನಿನ ಮೇಲಿತ್ತು.

“ಉಪ್ಪಿಟ್ಟು ಕಣೇ, ಉಪ್ಪಿಟ್ಟು” ಎಂದರು ಗಾಬರಿಯಿಂದ. “ಇನ್ಮೇಲೆ ಹಿಂಗೆ ತಮಾಷೆ ಮಾಡಲ್ಲ.”