ಬಂದೆ ಬಂದೆ ಅನ್ನುವ ಬೆರಳು

ಯಾರಾದರೂ ಕರೆದರೆ, ಕುರ್ಚಿಯಿಂದ ಏಳುವ ಮೊದಲೇ ‘ಬಂದೆ ಬಂದೆ’ ಅಂದಿರುತ್ತೇನೆ. ಒಲೆ ಹಚ್ಚುವಾಗಲೇ ‘ಸಾರು ಆಯ್ತು’. ಟವೆಲ್ ಹುಡುಕುತ್ತಲೇ ‘ನಾನು ರೆಡಿ’. ಕನ್ನಡದವರೆಲ್ಲ ಹೀಗೆ ಅನ್ನುತ್ತಾರೆ, ನಿಜ. ಆದರೆ ನನ್ನ ಬೆರಳೂ ಹೀಗೇ ಅನ್ನುತ್ತದೆ ಎಂದು ಗೊತ್ತಾಗಿದ್ದು ಸಿಂಗಪುರದ ಪಿಸ್ತೂಲು ಕ್ಲಬ್ಬಿನಲ್ಲಿ.

ಅಲ್ಲಿಗೆ ಸೇರಿದ್ದಕ್ಕೆ ಆಫೀಸೇ ಕಾರಣ. ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ ಸಾಫ್ಟ್‌ವೇರ್ ಕೆಲಸ. ಒಂದು ಸಂಜೆ ಟೆಸ್ಟಿಂಗ್ ಮುಗಿಯುವ ಮೊದಲೇ, ಹೊಸ ಕೋಡನ್ನು ಗ್ರಾಹಕರಿಗೆ ಬಿಡುವ ರಿಲೀಸ್ ಬಟನ್ ಒತ್ತಿಬಿಟ್ಟೆ. ಮರುದಿನ ಪೂರ್ತಿ ಸಿಸ್ಟಮ್ ಮಲಗಿತು. ಮ್ಯಾನೇಜರ್ ಬೈಯಲಿಲ್ಲ, ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಸುಮ್ಮನೆ ಆ ಬಟನ್ ಒತ್ತುವ ಅಧಿಕಾರವನ್ನು ನನಗಿಂತ ಎಂಟು ವರ್ಷ ಚಿಕ್ಕವಳಿಗೆ ಕೊಟ್ಟರು. ಅಂದಿನಿಂದ ನನ್ನ ಕೈಯನ್ನು ನಾನೇ ನಂಬದಂತಾದೆ. ಬೇಗ ಮಾಡಿದ್ದು ಸರಿಯಾಗಿಯೂ ಇರುತ್ತದೆ ಅಂತ ಎಲ್ಲಾದರೂ ತೋರಿಸಲೇಬೇಕಿತ್ತು. ‘ನಿನ್ನ ಆತುರಕ್ಕೆ ಪಿಸ್ತೂಲು ಬೇರೆ ಕೇಡು’ ಅಂದ ಗಂಡ.

ಒಂದು ವರ್ಷ ನಿಂತಲ್ಲೇ ನಿಧಾನವಾಗಿ ಗುರಿಯಿಡುವುದನ್ನು ಕಲಿತು, ಆತ್ಮರಕ್ಷಣೆಯ ಶೈಲಿಯ ಬ್ಯಾಚಿಗೆ ಹೆಸರು ಕೊಟ್ಟೆ. ಅದಕ್ಕೊಂದು ಪರೀಕ್ಷೆ. ಬೀಪ್ ಕೇಳಿದ ಕೂಡಲೇ ಸೊಂಟದ ಒರೆಯಿಂದ ಪಿಸ್ತೂಲು ತೆಗೆದು, ಏಳು ಮೀಟರ್ ದೂರದ ತಟ್ಟೆಯಗಲದ ವೃತ್ತಕ್ಕೆ ಆರು ಗುಂಡು ಹೊಡೆಯಬೇಕು, ಎಂಟು ಸೆಕೆಂಡಿನೊಳಗೆ. ಒಂದು ಹೊರಗೆ ಬಿದ್ದರೂ ಫೇಲ್. ಮೂರೇ ಅವಕಾಶ. ಮೊದಲೆರಡು ಸಲವೂ ಐದೇ ಸೆಕೆಂಡಿಗೆ ಮುಗಿಸಿದೆ, ಎರಡು ಸಲವೂ ಮೊದಲ ಗುಂಡು ಹೊರಗೆ. ಕೋಚ್ ನಿವೃತ್ತ ಪೊಲೀಸ್, ಮಲಯ್ ಜನಾಂಗದ ಅಂಕಲ್. ಕಣ್ಣಿಗೆ ಗುರಿ ಸಿಗುವ ಮೊದಲೇ ನಿನ್ನ ಬೆರಳು ಒತ್ತಿರುತ್ತದೆ ಅಂದರು. ಅಯ್ಯೋ, ಬಟನ್ನಿನ ಕಥೆ ಇವರಿಗೂ ತಲುಪಿತೇ ಅನ್ನಿಸಿತು.

ಪಿಸ್ತೂಲು ಕ್ಲಬ್ಬಿನ ಬೀಗದೊಳಗೇ ಇರಬೇಕು. ಈ ಊರಲ್ಲಿ ಆಟದ ಪಿಸ್ತೂಲು ಇಟ್ಟುಕೊಂಡರೂ ಕಾನೂನಿನ ರಗಳೆ. ಹಾಗಾಗಿ ಟ್ಯಾಂಪಿನೀಸಿನ ಮನೆಯಲ್ಲಿ ಅಭ್ಯಾಸಕ್ಕೆ ಟೀವಿ ರಿಮೋಟ್ ಹಿಡಿದೆ. ಸೊಂಟದಿಂದ ಎಳೆ, ಎತ್ತು, ಟೀವಿಯ ಕೆಂಪು ಚುಕ್ಕೆ ಕಾಣಲಿ, ಒತ್ತು. ಗಂಡ ಕ್ರಿಕೆಟ್ ನೋಡುತ್ತಿದ್ದರೂ ಬಿಡುತ್ತಿರಲಿಲ್ಲ. ಚಾನೆಲ್ ಬದಲಾದಾಗಲೆಲ್ಲ ಅವನು ಎರಡೂ ಕೈ ಮೇಲೆತ್ತಿ ಶರಣಾಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಮೂರನೆಯದೂ ಹೋದರೆ ಈ ಕೈಯ ಹಣೆಬರಹವೇ ಇಷ್ಟು ಅಂತ ಒಪ್ಪಿಕೊಳ್ಳಬೇಕಿತ್ತು.

ಶನಿವಾರ ಬೆಳಿಗ್ಗೆ ಅಂಕಲ್ ನನ್ನ ಬೆನ್ನ ಹಿಂದೆ ಟೈಮರ್ ಹಿಡಿದು, “ರೆಡಿ ಆ?” ಅಂದರು. ತಲೆ ತಾನಾಗಿ ಅಲ್ಲಾಡಿತು. ನಮ್ಮ ಕಡೆ ಹೂಂ ಅನ್ನಲು ಆ ಭುಜದಿಂದ ಈ ಭುಜಕ್ಕೆ ಅಲ್ಲಾಡಿಸುತ್ತೇವಲ್ಲ, ಹಾಗೆ. ಅವರು ಟೈಮರ್ ಇಳಿಸಿದರು. ಮತ್ತೆ ಕೇಳಿದರು, ಮತ್ತೆ ಅಲ್ಲಾಡಿಸಿದೆ, ಮತ್ತೆ ಇಳಿಸಿದರು. ನಾನು ಇಲ್ಲ ಅನ್ನುತ್ತಿದ್ದೇನೆ ಅಂದುಕೊಂಡಿದ್ದರು! ಮೈಯೆಲ್ಲ ಉರಿದುಹೋಯಿತು. ‘ಯೆಸ್’ ಅಂತ ಕಿರುಚಲು ಬಾಯಿ ತೆರೆದೆ. ಆಗ ಗೊತ್ತಾಯಿತು, ಕಾಲು ಸರಿಯಾಗಿ ಊರಿಲ್ಲ, ಉಸಿರು ಗಂಟಲಲ್ಲೇ ಇದೆ, ಕನ್ನಡಕ ಬೆವರಿಗೆ ಮೂಗಿನ ತುದಿಗೆ ಜಾರಿದೆ.

“ನಾಟ್ ರೆಡಿ, ಅಂಕಲ್,” ಅಂದೆ.

“ಕ್ಯಾನ್. ಐ ವೇಟ್,” ಅಂದರು. ಆಗಲಿ ಅನ್ನುವುದಕ್ಕೆ ಇಲ್ಲಿ ‘ಕ್ಯಾನ್’.

ನಿಟ್ಟುಸಿರಿಲ್ಲ, ಗೊಣಗಾಟವಿಲ್ಲ. ನನಗೆ ಅಳುವೇ ಬಂತು. ಕಾಯುತ್ತೇನೆ ಅಂತ ನನಗೆ ಯಾರೂ ಅಂದಿರಲಿಲ್ಲ. ಅನ್ನಲು ನಾನು ಬಿಟ್ಟೂ ಇರಲಿಲ್ಲ. ಕನ್ನಡಕ ಏರಿಸಿಕೊಂಡೆ, ಕಾಲೂರಿದೆ, ಉಸಿರು ಬಿಟ್ಟೆ. ರೆಡಿ ಅಂತ ಬಾಯಿಬಿಟ್ಟು ಹೇಳಿದೆ. ಬೀಪ್. ಆರೂ ಒಳಗೆ. ಏಳೂ ಮುಕ್ಕಾಲು ಸೆಕೆಂಡು, ಬ್ಯಾಚಿಗೇ ಅತಿ ನಿಧಾನ.

ಸೋಮವಾರ ಮೀಟಿಂಗಿನಲ್ಲಿ ನಿನ್ನ ಭಾಗ ಆಯಿತೇ ಅಂತ ಮ್ಯಾನೇಜರ್ ಕೇಳಿದರು. ‘ಆಯ್ತು’ ಅನ್ನುವುದು ನಾಲಿಗೆ ತುದಿಗೇ ಬಂದಿತ್ತು. ಇನ್ನೂ ಇಲ್ಲ, ನಾಳೆ ಆಗುತ್ತದೆ ಅಂದೆ. ಅವರು ತಲೆಯೆತ್ತಿ ಒಮ್ಮೆ ನೋಡಿ, ನಾಳೆ ಅಂತ ಬರೆದುಕೊಂಡರು. ಬಟನ್ ನನಗೇನೂ ವಾಪಸ್ ಬರಲಿಲ್ಲ. ಮರುದಿನ ಸಂಜೆ ಅದನ್ನು ಒತ್ತುವ ಮುಂಚೆ ಆ ಚಿಕ್ಕವಳು ಕುರ್ಚಿ ತಿರುಗಿಸಿ, ಒತ್ತಲಾ ಎಂದು ನನ್ನನ್ನು ಕೇಳಿದಳು. ನಾನು ತಲೆ ಅಲ್ಲಾಡಿಸಲಿಲ್ಲ. ತಡಿ ಅಂತ ಇನ್ನೊಮ್ಮೆ ಎಲ್ಲ ನೋಡಿ, ಒತ್ತು ಅಂದೆ.