ಅಸಲಿ ರೇಡಿಯಂ ಎಣ್ಣೆ

ಎಪ್ಪತ್ತರ ದಶಕದಲ್ಲಿ ನಾನು ಮಣಿಪಾಲದಲ್ಲಿ ವಿಕಿರಣ ಅಳೆಯುವ ಮೀಟರುಗಳನ್ನು ರಿಪೇರಿ ಮಾಡುತ್ತಿದ್ದೆ. ಒಮ್ಮೆ ಅಂಥದೊಂದು ಮೀಟರ್ ಹಿಡಿದು ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ, ಒಬ್ಬ ಪಂಡಿತ ಗಂಟುನೋವಿಗೆ ‘ರೇಡಿಯಂ ಎಣ್ಣೆ’ ಮಾರುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಬಾಟಲಿಗೆ ಮೀಟರ್ ಹಿಡಿದೆ; ಅದು ಸುಮ್ಮನಿತ್ತು. ಅವನ ಹಳೇ ವಾಚಿನ ಹತ್ತಿರ ತಂದೆ, ಕಟಕಟ ಬಡಿದುಕೊಂಡಿತು.

“ನೋಡಿ, ರೇಡಿಯಂ ಇರುವುದು ಇವರ ವಾಚಿನ ಹೊಳೆಯುವ ಅಂಕೆಗಳಲ್ಲಿ. ಬಾಟಲಿಯಲ್ಲಿ ಎಂತ ಉಂಟು? ಬರೀ ತೆಂಗಿನೆಣ್ಣೆ!” ಎಂದೆ. ಜನ ನಕ್ಕರು. ಪಂಡಿತ ತಲೆ ತಗ್ಗಿಸಿ ಚೀಲ ಕಟ್ಟಿದ. ನಾನು ವಿಜ್ಞಾನವನ್ನೇ ಗೆಲ್ಲಿಸಿದವನ ಹಾಗೆ ಬಸ್ಸು ಹತ್ತಿದೆ.

ತಿಂಗಳ ಮೇಲೆ ಕಾಪು ಪೇಟೆಯಲ್ಲಿ ಅದೇ ಪಂಡಿತ ಬಾಟಲಿ ಹಿಡಿದು ಓಡಿಬಂದ. “ಈಗ ನೋಡಿ ಸಾರ್! ಅವತ್ತು ನೀವು ಹೇಳಿದ ಮೇಲೆ ಜನರಿಗೆ ಮೋಸ ಮಾಡಲು ಮನಸ್ಸಾಗಲಿಲ್ಲ. ವಾಚಿನ ಬಣ್ಣ ಕೆರೆದು ಎಣ್ಣೆಗೆ ಹಾಕಿದ್ದೇನೆ.”

“ಅಯ್ಯೋ ಮಾರಾಯ್ರೆ! ಎಣ್ಣೆ ಹಚ್ಚಿದ ಕೈಯಲ್ಲೇ ಜನ ಊಟ ಮಾಡುತ್ತಾರೆ. ಅದು ಹೊಟ್ಟೆಗೆ ಹೋದರೆ ಎಲುಬನ್ನೇ ತಿನ್ನುತ್ತದೆ!”

ಅವನ ಮುಖ ಬಿಳಿಚಿತು. “ಬಾಕಿ ಬಾಟಲಿಯೆಲ್ಲ ಖರ್ಚಾಯಿತಲ್ಲ ಸಾರ್, ಇದೊಂದೇ ಉಳಿದದ್ದು.”

ಮೋಸ ಮಾಡುತ್ತಿದ್ದಷ್ಟು ದಿನ ಅವನಿಂದ ಯಾರ ಎಲುಬಿಗೂ ಅಪಾಯವಿರಲಿಲ್ಲ. ಅವನನ್ನು ಪ್ರಾಮಾಣಿಕನನ್ನಾಗಿ ಮಾಡಿದ ಪುಣ್ಯಾತ್ಮ ನಾನು.