ಕಿಂಡಿಗೆ ಅಡ್ಡ ನಿಂತ ಬೆಳಗು

ನಮ್ಮ ಮಾವನವರು ದೇವರನ್ನು ಕೇಳದೆ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. ಎಮ್ಮೆ ಕೊಳ್ಳುವುದಕ್ಕೆ ಕೇಳುತ್ತಿದ್ದರು; ಕೊಂಡ ಎಮ್ಮೆ ಒದ್ದರೆ ಮಾರುವುದಕ್ಕೂ ಕೇಳುತ್ತಿದ್ದರು. ಮಾರುವುದು ಬೇಡವೆಂದು ದೇವರ ಅಪ್ಪಣೆಯಾದ್ದರಿಂದ ಒಂದು ಎಮ್ಮೆ ನಮ್ಮನ್ನೆಲ್ಲ ಸರದಿಯ ಪ್ರಕಾರ ಒದೆಯುತ್ತ ಏಳು ವರ್ಷ ಸುಖವಾಗಿ ಬಾಳಿತು. ದನಕ್ಕೆ ಹುಷಾರು ತಪ್ಪಿದರೆ ಶಿರಾದ ದರ್ಗಾದಿಂದ ತಾಯಿತ ತರುತ್ತಿದ್ದರು. ಆದರೆ ತರಬಹುದೇ ಎಂದು ಮೊದಲು ನಮ್ಮ ಮನೆದೇವರನ್ನು ಕೇಳಿಯೇ. ಒಬ್ಬರ ಇಲಾಖೆಯಿಂದ ಇನ್ನೊಬ್ಬರ ಇಲಾಖೆಗೆ ಹೋಗುವಾಗ ತಿಳಿಸಿ ಹೋಗಬೇಕು ಎಂಬುದು ಅವರ ಶಿಸ್ತು.

ದೊಡ್ಡೇರಿ ಹೋಬಳಿಯ ಆ ಹಳ್ಳಿಗೆ ನಾನು ಸೊಸೆಯಾಗಿ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ತವರು ಪಾವಗಡದ ಕಡೆ, ನಾಗಲಮಡಿಕೆಗೆ ಹತ್ತಿರ. ಅಲ್ಲಿ ನಮಗೆ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಜಗಳಕ್ಕೆ ಎರಡೂ. ಹೀಗಾಗಿ ‘ಯಾಕೆ’ ಎಂದು ಕೇಳಬೇಕಾದಲ್ಲಿ ನನ್ನ ಬಾಯಿಂದ ತೆಲುಗಿನ ‘ಎಂದುಕು’ ಜಾರಿಬಿಡುತ್ತಿತ್ತು. ಅದೂ ದಿನಕ್ಕೆ ಹತ್ತಾರು ಸಲ. ಮಾವನವರು ಒಂದು ದಿನ ನನಗೆ ಕೇಳಿಸುವಂತೆಯೇ ಅತ್ತೆಯನ್ನು ವಿಚಾರಿಸಿದರು: “ಅಲ್ವೇ, ಅವ್ರ ಸೀಮೇಲಿ ಮಕ್ಳು ಹುಟ್ಟಿದ ತಕ್ಷಣ ಅಳ್ತಾವೋ, ಇಲ್ಲಾ ಎಂದುಕು ಅಂತಾವೋ?”

ನನ್ನ ‘ಎಂದುಕು’ಗಳಲ್ಲಿ ಬಹುಪಾಲು ಹೂವಿನ ಅಪ್ಪಣೆಗೆ ಸೇರಿದವು. ನಮ್ಮ ಹೊಲದ ಬದುವಿನ ಮೇಲೆ ಕಲ್ಲಿನ ಪುಟ್ಟ ಗುಡಿ, ಬಡಗು ದಿಕ್ಕಿಗೆ ಬಾಗಿಲು. ಪೂಜೆ ನಮ್ಮ ಮನೆಯವರದೇ. ಹೂ ಕೇಳುವ ದಿನ ಅತ್ತೆ ದೇವರ ಕಲ್ಲನ್ನು ತೊಳೆದು ಕೊಡುವರು. ಮಾವನವರು ಒದ್ದೆ ಕಲ್ಲಿನ ಎರಡೂ ಭುಜಕ್ಕೆ ಮೂರು ಮೂರು ಕಣಗಿಲೆ ಎಸಳು ಅಂಟಿಸಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಪ್ರಶ್ನೆಯನ್ನು ಗಟ್ಟಿಯಾಗಿ ಹೇಳಿ, ಕೈಮುಗಿದು ನಿಲ್ಲುವರು. ದೇವರ ಬಲಭುಜದ ಎಸಳು ಮೊದಲು ಬಿದ್ದರೆ ಆಗಲಿ ಎಂದು ಅರ್ಥ, ಎಡಭುಜದ್ದು ಬಿದ್ದರೆ ಕೂಡದು ಎಂದು.

ನನಗೆ ಅಪನಂಬಿಕೆಯೇನೂ ಇರಲಿಲ್ಲ. ದೇವರು ಹೂ ಕೊಡುತ್ತಾನೆ, ಸರಿ. ಹೇಗೆ ಕೊಡುತ್ತಾನೆ ಎಂದು ನೋಡುವ ಆಸೆ, ಅಷ್ಟೆ. ಬಿಸಿಲಿನ ದಿನ ತೀರ್ಪು ಬೇಗ ಬರುತ್ತಿತ್ತು. ಮೋಡ ಕವಿದ ದಿನ ದೇವರು ಬಹಳ ಹೊತ್ತು ಯೋಚಿಸುತ್ತಿದ್ದ. ಹೆಚ್ಚಿನ ಅಧ್ಯಯನಕ್ಕಾಗಿ ನಾನು ಅಡುಗೆಮನೆಯ ಒರಳಿನ ಗುಂಡುಕಲ್ಲನ್ನು ಒದ್ದೆ ಮಾಡಿ, ಎಸಳು ಅಂಟಿಸಿ, ‘ಇವತ್ತಿನ ಸಾರಿಗೆ ಹುಳಿ ಹೆಚ್ಚಾದೀತೆ?’ ಎಂದು ಕೇಳಿ ಕೈಮುಗಿದು ಕೂತಿದ್ದಾಗ ಅತ್ತೆ ಹಿಂದೆ ಬಂದು ನಿಂತರು.

“ಏನಮ್ಮಾ ಇದು? ರುಬ್ಬೋ ಗುಂಡೂ ಮಾತಾಡಕ್ಕೆ ಸುರು ಮಾಡ್ತಾ?”

“ಇಲ್ಲಾ ಅತ್ತೆ, ಹೆಂಗೆ ಬೀಳ್ತೈತೆ ಅಂತ...”

“ಹೆಂಗಾದ್ರೂ ಬೀಳ್ಲಿ. ಕಣಗಿಲೆ ವಿಷ ಕಣಮ್ಮ! ತೊಳೀ ಮೊದ್ಲು. ನಮ್ಮನ್ನೆಲ್ಲಾ ಒಂದೇ ಏಟ್ಗೆ ದೇವ್ರ ತಾವ್ಕೇ ಕಳಿಸ್ಬುಟ್ಟೀಯ, ನೇರ್‍ವಾಗಿ ಕೇಳ್ಕಳ್ಳಿ ಅಂತ!”

ಗುಂಡುಕಲ್ಲನ್ನು ಮೂರು ಸಲ ತೊಳೆದೆ. ಸಾರಿಗೆ ಹುಳಿ ಹೆಚ್ಚೇ ಆಗಿತ್ತು ಎಂಬುದನ್ನು ಸತ್ಯದ ಹಿತದೃಷ್ಟಿಯಿಂದ ದಾಖಲಿಸುತ್ತೇನೆ.

ಆದರೆ ಎರಡು ವರ್ಷ ಗುಡಿಯ ಬಾಗಿಲಲ್ಲಿ ನಿಂತು ನೋಡಿದ ಮೇಲೆ ಒಂದು ಸಂಗತಿ ನನಗೆ ಹೊಳೆದಿತ್ತು. ದೇವರ ಎಡಗಡೆಯ ಗೋಡೆಯಲ್ಲಿ, ಅಂದರೆ ಪಡುವಣ ಗೋಡೆಯಲ್ಲಿ, ಹೊಗೆ ಹೋಗಲೆಂದು ತೆಂಗಿನಕಾಯಿ ಗಾತ್ರದ ಕಿಂಡಿ ಇತ್ತು. ಆಷಾಢದಲ್ಲಿ ನಮ್ಮ ಕಡೆ ಗಾಳಿ ಪಡುವಣದಿಂದಲೇ ಬೀಸುತ್ತದೆ, ಹೆಂಚು ಹಾರುವಷ್ಟು. ಆ ಗಾಳಿ ಕಿಂಡಿಯಲ್ಲಿ ನುಗ್ಗಿ ದೇವರ ಎಡಭುಜವನ್ನು ಮೊದಲು ಒಣಗಿಸುತ್ತಿತ್ತು. ಉಳಿದ ತಿಂಗಳು ಹೇಗಾದರೂ ಇರಲಿ, ಆಷಾಢದಲ್ಲಿ ನಮ್ಮ ದೇವರು ಯಾರಿಗೂ ಹೂಂ ಎಂದದ್ದನ್ನು ನಾನು ನೋಡಲಿಲ್ಲ. ಈ ತಿಳಿವಳಿಕೆಯಿಂದ ನನಗೆ ಸಂತೋಷವೇ ಆಗಿತ್ತು, ನನ್ನ ಹೆಸರಿಗೊಂದು ಕಾಗದ ಬರುವ ತನಕ.

ಆ ಕಾಗದ ತುಮಕೂರಿನಿಂದ ಬಂದದ್ದು. ಮೇಷ್ಟ್ರ ಟ್ರೈನಿಂಗಿಗೆ ನನಗೆ ಸೀಟು ಸಿಕ್ಕಿತ್ತು. ಅರ್ಜಿಯನ್ನು ನನ್ನ ಗಂಡನೇ ಬರೆದು ಹಾಕಿದ್ದರು; ಆದರೆ ಅವರ ಧೈರ್ಯವೆಲ್ಲ ಲಕೋಟೆಯ ಜೊತೆಗೇ ಅಂಚೆಗೆ ಹೋಗಿತ್ತು. ಈಗ ಅಪ್ಪನ ಎದುರು, “ನೀನು ಹೆಂಗಂದ್ರೆ ಅಂಗೆ” ಎಂದು ನಿಂತರು. ಮಾವನವರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

“ನಂಗೇನು ಗೊತ್ತೈತಪ್ಪ? ಹೂ ಕೇಳಾನ.”

ಸೋಮವಾರ ಮಧ್ಯಾಹ್ನದೊಳಗೆ ಹಾಜರಾಗದಿದ್ದರೆ ಸೀಟು ಇನ್ನೊಬ್ಬರಿಗೆ ಎಂದು ಕಾಗದದಲ್ಲಿ ಬರೆದಿತ್ತು. ಮಧುಗಿರಿ, ಕೊರಟಗೆರೆ ದಾಟಿ ತುಮಕೂರು ಸೇರಬೇಕೆಂದರೆ ಬೆಳಗಿನ ಬಸ್ಸೇ ಗತಿ. ಅದು ಆಷಾಢ ಮಾಸ. ಭಾನುವಾರ ರಾತ್ರಿಯಿಂದಲೇ ಗಾಳಿ ಹುಚ್ಚೆದ್ದಿತ್ತು.

ಬೆಳಿಗ್ಗೆ ಟ್ರಂಕನ್ನು ಬಸ್ಸು ನಿಲ್ಲುವ ಹುಣಸೆಮರದ ಹತ್ತಿರ ಇರಿಸಿ ಗಂಡ ಅಲ್ಲೇ ಕಾದರು. ನಾವು ಮೂವರು ಗುಡಿಗೆ ಹೋದೆವು. ಮಾವನವರು ಎಸಳು ಅಂಟಿಸಿ, “ನಮ್ಮ ಸೊಸೆ ಓದಕ್ಕೆ ಹೋಗ್‍ಬೌದಾ ಹೆಂಗೆ, ಹೇಳಪ್ಪಾ” ಎಂದರು. ಕಿಂಡಿಯಲ್ಲಿ ಗಾಳಿ ಕೊಳಲು ಊದುತ್ತಿತ್ತು. ನನಗೆ ಉತ್ತರ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿರುವುದು ಭಕ್ತಿಯೋ, ದಡ್ಡತನವೋ ಎಂದು ತೀರ್ಮಾನಿಸುವಷ್ಟು ಸಮಯ ಇರಲಿಲ್ಲ. ನಾನು ಪ್ರದಕ್ಷಿಣೆ ಹಾಕುವವಳಂತೆ ಹೊರಟು, ಪಡುವಣ ಗೋಡೆಯ ಬಳಿ ಬಂದಾಗ ಕಿಂಡಿಗೆ ಬೆನ್ನು ಕೊಟ್ಟು, ಸೆರಗು ಹೊದ್ದು, ಕಣ್ಣು ಮುಚ್ಚಿ ನಿಂತೆ. ಭಕ್ತಿಯ ಭಂಗಿ ಚೆನ್ನಾಗಿಯೇ ಇತ್ತೆಂದು ತೋರುತ್ತದೆ. ಗಾಳಿ ನಿಂತಿತು.

ಗಾಳಿಯ ಜೊತೆ ತೀರ್ಪೂ ನಿಂತಿತು. ಎಡವೂ ಬೀಳಲಿಲ್ಲ, ಬಲವೂ ಬೀಳಲಿಲ್ಲ. ಇಷ್ಟು ದಿನ ಎಸಳು ಬೀಳುವುದನ್ನೇ ಅಧ್ಯಯನ ಮಾಡಿದವಳಿಗೆ ಅದು ಬೀಳದೆಯೂ ಇರಬಹುದು ಎಂದು ಹೊಳೆದಿರಲಿಲ್ಲ. ಒಳಗಿನಿಂದ ಅತ್ತೆಯ ದನಿ ಕೇಳಿಸಿತು: “ಏನೂ ಅಂತಿಲ್ವಲ್ರೀ!” ಮಾವನವರು ಕೆಮ್ಮಿದರು. ಹೊಗೆ ಹೋಗುವ ದಾರಿಯನ್ನು ನನ್ನ ಬೆನ್ನು ಮುಚ್ಚಿತ್ತಲ್ಲ, ಸಾಂಬ್ರಾಣಿಯೆಲ್ಲ ಗುಡಿಯೊಳಗೇ ತುಂಬಿಕೊಂಡಿತ್ತು. ದೂರದಲ್ಲಿ ದಿಣ್ಣೆ ಹತ್ತುವ ಬಸ್ಸಿನ ಸದ್ದು. ಇನ್ನೇನು ಕಿಂಡಿ ಬಿಟ್ಟು ಓಡಿಬಿಡಲೇ ಎನ್ನುವಾಗ ಒಳಗೆ ಸಿಡಿಲು ಹೊಡೆದಂತಾಯಿತು. ಮಾವನವರು ಸೀನಿದ್ದರು.

ನಾನು ಓಡಿಬಂದು ನೋಡಿದೆ. ದೇವರ ಪಾದದಲ್ಲಿ ಒಂದು ಎಸಳು. ಬಲಗಡೆಯದು.

ಮಾವನವರ ಮುಖ ಮಾತ್ರ ಬಾಡಿತ್ತು. “ಬಲಗಡೆ ಕೊಟ್ಟವ್ನೆ, ಸರಿ. ಆದ್ರೆ ಒಂಟಿ ಸೀನಾಗೋಯ್ತಲ್ಲೇ! ಒಂಟಿ ಸೀನ್ಗೆ ಯಾರಾನಾ ಹೆಣ್ಮಗ್ಳನ್ನ ಹೊರಡಿಸ್ತಾರಾ?”

ಹೂವು ಹೋಗು ಎನ್ನುತ್ತಿದೆ, ಸೀನು ಬೇಡ ಎನ್ನುತ್ತಿದೆ. ನಮ್ಮ ಮನೆಯಲ್ಲಿ ಇವೆರಡೂ ಸಮಾನ ದರ್ಜೆಯ ಅಧಿಕಾರಿಗಳು. ಬಸ್ಸಿನ ಹಾರನ್ ಕೇಳಿಸಿತು. ಅತ್ತೆ ಸೊಂಟದಿಂದ ನಶ್ಯದ ಡಬ್ಬಿ ತೆಗೆದು, ಒಂದು ಚಿಟಿಕೆಯನ್ನು ಮಾವನವರ ಮೂಗಿನ ಹತ್ತಿರ ಹಿಡಿದರು.

“ತಗಳಿ. ಜೋಡಿ ಆಗೋಗ್ಲಿ.”

“ಇಂಗೆ ತರ್ಸಿಕಂಡ್ರೆ ನಡೀತೈತಾ?”

“ಮಳೆ ಬರ್ನಿಲ್ಲ ಅಂದ್ರೆ ಕಪ್ಪೆ ಹಿಡ್ದು ಮದ್ವೆ ಮಾಡಿ ತರ್ಸಿಕಳಾಕಿಲ್ವಾ? ಎಳ್ಕಳಿ ಸುಮ್ಕೆ!”

ಮಾವನವರು ಮೂಗು ಒಡ್ಡಿದರು. ಎಳೆದುಕೊಂಡರು. ಎರಡನೆಯ ಸೀನಿಗೆ ಎಡಭುಜದ ಎಸಳುಗಳು ಮೂರಕ್ಕೆ ಮೂರೂ ಬಿದ್ದವು. ಮೊದಲು ಬಿದ್ದದ್ದಷ್ಟೇ ಲೆಕ್ಕ ಎಂದು ಅತ್ತೆ ಅವನ್ನು ಸೆರಗಿನಿಂದ ಬಳಿದು ಹಾಕಿ, ನನ್ನ ರಟ್ಟೆ ಹಿಡಿದುಕೊಂಡು ಓಡಿದರು.

ಹುಣಸೆಮರದ ಹತ್ತಿರ ನನ್ನ ಗಂಡ ಬಸ್ಸಿನ ಮುಂದೆ ಟ್ರಂಕಿಟ್ಟು ಅದರ ಮೇಲೆ ತಾವೇ ಕೂತುಬಿಟ್ಟಿದ್ದರು. ಡ್ರೈವರು ಅವರ ಮನೆತನವನ್ನೆಲ್ಲ ಬಯ್ಯುತ್ತಿದ್ದ. ಹತ್ತುವ ಮುಂಚೆ ತಡೆಯಲಾರದೆ ಅತ್ತೆಯ ಕಿವಿಯಲ್ಲಿ ಹೇಳಿದೆ: “ಅತ್ತೆ, ನಾನು ಕಿಂಡಿಗೆ ಅಡ್ಡ ನಿಂತಿದ್ದೆ. ಹೊಗೆ ತುಂಬ್ಕಂಡು ಮಾವನಿಗೆ ಸೀನು ಬಂತು. ದೇವರು ಕೊಟ್ಟಿದ್ದಲ್ಲ.”

“ನೀನು ನಿಂತಿದ್ದು ಕಾಣ್ದಂಗಿದ್ನಾ ನಾನು?” ಅತ್ತೆ ನನ್ನನ್ನು ಮೆಟ್ಟಿಲಿಗೆ ದಬ್ಬಿದರು. “ಅಲ್ಲಿ ಹೋಗಿ ನಿಂತ್ಕ ಅಂತ ನಿಂಗ್ಯಾರು ಹೇಳಿದ್ದು? ಹತ್ತು, ಹತ್ತು!”

ಕೊರಟಗೆರೆ ದಾಟುವವರೆಗೂ ಆ ಪ್ರಶ್ನೆಗೆ ಉತ್ತರ ಹುಡುಕಿದೆ. ಆಮೇಲೆ ನಿದ್ದೆ ಬಂತು.

ಟ್ರೈನಿಂಗ್ ಮುಗಿಯಿತು. ಶಿರಾ ತಾಲ್ಲೂಕಿನ ಮದಲೂರಿನ ಶಾಲೆಗೆ ನೇಮಕದ ಆರ್ಡರು ಬಂತು. ಬಂದದ್ದು ಮತ್ತೆ ಆಷಾಢದಲ್ಲೇ. ಸರ್ಕಾರಕ್ಕೆ ನಮ್ಮ ಗುಡಿಯ ಗಾಳಿ ಏನು ಗೊತ್ತು? “ಹೂ ಕೇಳಾನ ಬಾಮ್ಮ” ಎಂದರು ಮಾವನವರು. ನಾನು ಒಳಗೊಳಗೇ ಬೆನ್ನನ್ನು ಸಿದ್ಧಪಡಿಸಿಕೊಂಡು ಹೋದೆ.

ಗುಡಿಯ ಪಡುವಣ ಗೋಡೆಯಲ್ಲಿ ಕಿಂಡಿಯೇ ಇರಲಿಲ್ಲ. ಕಲ್ಲು ತುರುಕಿ ಮಣ್ಣು ಮೆತ್ತಿದ್ದರು. ಒಣಗಿದ ಮಣ್ಣಿನ ಮೇಲೆ ಬೆರಳಿನ ಗುರುತುಗಳಿದ್ದವು. ಉಳುಮೆಯಲ್ಲಿ ತುದಿ ಕಳೆದುಕೊಂಡಿದ್ದ ಮಾವನವರ ತೋರುಬೆರಳಿನ ಗುರುತೂ ಅಲ್ಲಿತ್ತು.

“ಮಾವ, ಕಿಂಡಿ ಯಾಕೆ ಮುಚ್ಚಿದ್ರಿ?”

“ಗುಬ್ಬಿ ಬತ್ತಿದ್ವು ಕಣಮ್ಮ.”

“ಮತ್ತೆ ಹೊಗೆ? ಅದು ಎಲ್ಲಿಗೆ ಹೋಗ್ಬೇಕು?”

ಮಾವನವರು ದೇವರ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು. “ಎಲ್ಲಿಗೂ ಹೋಗ್ಬಾರ್‍ದು” ಎಂದರು. ಆಮೇಲೆ ಒಂದು ಹಿಡಿ ಸಾಂಬ್ರಾಣಿಯನ್ನು ಕೆಂಡದ ಮೇಲೆ ಸುರಿದು, ಸಾಲದೆಂದು ಇನ್ನೊಂದು ಹಿಡಿಯನ್ನೂ ಹಾಕಿ, ಬಹಳ ಗಂಭೀರವಾಗಿ ಕೈಮುಗಿದು ನಿಂತರು. ಬಾಗಿಲಲ್ಲಿ ಅತ್ತೆ ಆಗಲೇ ನಶ್ಯದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು.